ಜೂನ್ ಒಂದನೇ ತಾರೀಖು

ಹಟ್ಟಿಯ ಸರಕಾರಿ ಸಾಲಿಗೆ ಮತ್ತೆ ಹೋದೆ,
ಓದಲಿಕ್ಕಲ್ಲ, ಹುಟ್ಟಿದ ದಿನ ಕೇಳಲಿಕ್ಕೆ.
ಆಧಾರಿನಲ್ಲಿ ಒಂದು ತಾರೀಖು, ರೇಷನ್ ಕಾರ್ಡಿನಲ್ಲಿ ಇನ್ನೊಂದು.
ಪಿಂಚಣಿ ಗುಮಾಸ್ತ ಎರಡನ್ನೂ ಅಕ್ಕಪಕ್ಕ ಇಟ್ಟು
‘ಇದರಾಗ ನೀನು ಯಾವ ಚೌಡಮ್ಮ?’ ಅಂದ.

ಹೆಡ್ ಮೇಡಂ ನನ್ನ ಮಗಳಿಗಿಂತ ಸಣ್ಣಾಕಿ.
ಕುರ್ಚಿ ಎಳೆದು ಕೊಟ್ಟಳು.
ಈ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಇದೇ ಮೊದಲು,
ಅದನ್ನು ಆಕೆಗೆ ಹೇಳಲಿಲ್ಲ.
ಬೀರುವಿನ ತಳದಿಂದ ಬಂತು ದಾಖಲಾತಿ ವಹಿ,
ಅಂಚು ಗೆದ್ದಲಿಗೆ ಹೋಗಿ, ಬೆನ್ನಿಗೆ ಖಾಕಿ ಬಟ್ಟೆ,
ಒಳಗೆ ಯಂಕೋಬ ಮಾಸ್ತರರ ನೀಲಿ ಶಾಯಿ
ಈಗಲೂ ಇಸ್ತ್ರಿ ಹೊಡೆದಂತೆ.

ಬೆರಳಿಟ್ಟು ಓದುತ್ತಾ ಹೋದಳು:
ಮೌನೇಶ, ಜೂನ್ ಒಂದು.
ಖಾಜಾಬನಿ, ಜೂನ್ ಒಂದು.
ಆದೆಪ್ಪ, ಜೂನ್ ಒಂದು.
ನಕ್ಕಳು. ‘ಏನಮ್ಮಾ, ಊರಿಗೆ ಊರೇ ಒಂದೇ ದಿನ ಹಡೆದಿತ್ತಾ?’

ಹೌದವ್ವಾ, ಒಂದೇ ದಿನ.
ಬೇವಿನ ಗಿಡದ ಕೆಳಗೆ ನಮ್ಮನ್ನು ಸಾಲು ನಿಲ್ಲಿಸಿದ್ದರು.
ಬಲಗೈ ನೆತ್ತಿ ದಾಟಿ ಎಡಗಿವಿ ಮುಟ್ಟಬೇಕು.
ಮುಟ್ಟಿದರೆ ಆರು ವರ್ಷ,
ಮುಟ್ಟದಿದ್ದರೆ ‘ಮುಂದಿನ ವರ್ಷ ಬಾ.’
ಖಾಜಾಬನಿಗೆ ಎರಡು ಬೆರಳು ಕಡಿಮೆ ಬಿತ್ತು.
ಮಾಸ್ತರರು ಆಕೆಯ ತಲೆಯನ್ನೇ ಮೆಲ್ಲಗೆ ವಾಲಿಸಿ
ಕಿವಿಯನ್ನು ಕೈಯ ಹತ್ತಿರ ತಂದರು.
ನನ್ನ ಸರದಿಗೆ ಮುಟ್ಟಲಿಲ್ಲ.
ದೂರ ನಿಂತು, ಬೆತ್ತದ ತುದಿ ಎತ್ತಿ
‘ಇನ್ನಾ ಚಾಚು, ಇನ್ನಾ’ ಅಂದರು.
ಹೆಗಲು ಲಟಕ್ಕೆಂದಿತು. ಮುಟ್ಟಿತು.

ಮನೆಯಲ್ಲಿ ನಾನು ಚೌಡಿ, ಓಣಿಯಲ್ಲೂ ಚೌಡಿ.
ನನ್ನನ್ನು ಮುಟ್ಟದ ಅದೇ ಕೈ
ವಹಿಯಲ್ಲಿ ‘ಚೌಡಮ್ಮ’ ಎಂದು ಬರೆದಿತ್ತು.
ಆ ‘ಅಮ್ಮ’ ಎಲ್ಲಿಂದ ತಂದರೋ,
ಐವತ್ತು ವರ್ಷವಾದರೂ ಈ ಲೆಕ್ಕ ನನಗೆ ಬಗೆಹರಿದಿಲ್ಲ.

ಆಗ ಗಂಟೆ ಅಂದರೆ ಗಣಿಯಿಂದ ತಂದ ಹಳಿಯ ತುಂಡು.
ಖಾಸೀಂಸಾಬ ಬೋಲ್ಟಿನಿಂದ ಹೊಡೆದರೆ ಹಲ್ಲು ಜುಮ್ಮೆನ್ನುತ್ತಿತ್ತು.
ಗಣಿಯ ಸೈರನ್ನಿಗೂ ಅವನಿಗೂ ದಿನಾ ಜಿದ್ದು, ಯಾರು ಮೊದಲು ಅಂತ.
ನೆಲದೊಳಗೆ ಮದ್ದು ಹಾರಿದಾಗ
ಗೋಡೆಯ ಸುಣ್ಣ ಪಾಟಿಯ ಮೇಲೆ ಉದುರಿ
ಏಳರ ಮಗ್ಗಿ ಮರೆತವರು ಬಚಾವು.
ಮಧ್ಯಾಹ್ನ ಹಳದಿ ಉಪ್ಪಿಟ್ಟು;
ನಮಗೆ ಕಡೆಗೆ, ಮೇಲಿನಿಂದ,
ಬೀಳುವುದರೊಳಗೆ ಆರಿಹೋಗುವಷ್ಟು ಮೇಲಿನಿಂದ.

‘ಏಳನೇತ್ತೆ, ಅರ್ಧಕ್ಕೆ’ ಅಂದಳು ಮೇಡಂ,
‘ಬಿಟ್ಟ ಕಾರಣ: ಮನೆಗೆಲಸ.’
ಮನೆಗೆಲಸವಲ್ಲ.
ಹುಡುಗಿಯರಿಗೆ ಇದ್ದದ್ದು ಜಾಲಿಗಿಡದ ಮರೆ,
ಆ ವರ್ಷ ಅದನ್ನು ಕಡಿದರು.
ಅದಕ್ಕೆ ಕಾಲಂ ಇರಲಿಲ್ಲ.

ಈಗ ಅಲ್ಲೊಂದು ನೀಲಿ ಬಾಗಿಲು, ಮೇಲೆ ಬರೆದ ಪಾತರಗಿತ್ತಿ,
ಬೀಗದ ಕೈ ಮೇಡಂ ಮೇಜಿನ ಮೊಳೆಗೆ.
ಈಗ ಮೊಟ್ಟೆ, ಹಾಲು, ಕಾಲಿಗೆ ಬೂಟು.
ಅಡುಗೆ ನಮ್ಮ ಓಣಿಯ ದುರುಗಮ್ಮಂದು,
ಎಲ್ಲ ತಟ್ಟೆಗೂ ಬಗ್ಗಿ ಬಡಿಸುತ್ತಾಳೆ.
ನೋಡುತ್ತಾ ಗಂಟಲು ಕಟ್ಟಿತು, ಸುಳ್ಳೇಕೆ ಹೇಳಲಿ.
ಆದರೆ ತಟ್ಟೆ ಎಣಿಸಿದರೆ ಮೂವತ್ತೊಂದು.
ಗೇಟಿನ ಮುಂದೆಯೇ ದೂಳೆಬ್ಬಿಸಿ ಹೋಗುತ್ತದೆ ಹಳದಿ ಬಸ್ಸು,
ಅದರೊಳಗೆ ಟೈ ಕಟ್ಟಿಕೊಂಡು ನನ್ನ ಮೊಮ್ಮಗ.
ಫೀಸಿಗೆ ಬೆಂಡೋಲೆ ಅಡ ಇಟ್ಟವಳು ನಾನೇ.
ಯಾರನ್ನು ದೂರಲಿ?

ಸಹಿ ಬಿತ್ತು, ಸೀಲು ಬಿತ್ತು: ಜೂನ್ ಒಂದು.
ಹೊರಗೆ ಬಂದೆ. ಬೇವಿನ ಗಿಡ ಇದೆ.
ಹಳಿಯ ತುಂಡು ಗಾಳಿಗೆ ಗೇಟು ಬಡಿಯದಂತೆ ಅಡ್ಡ ಬಿದ್ದಿದೆ.
ಆಚೀಚೆ ನೋಡಿ, ಬಲಗೈ ಎತ್ತಿದೆ.
ಕಲ್ಲಿನ ಬುಟ್ಟಿ ಹಿಡಿದು ಸವೆದ ಹೆಗಲು
ನೆತ್ತಿಯ ತನಕ ಬಂದು ನಿಂತಿತು.
ಕಿವಿ ಇನ್ನೂ ಎರಡು ಬೆರಳು ದೂರ.

ಕಿಟಕಿಯ ಸರಳಿಗೆ ಮುಖ ಒತ್ತಿ ಒಂದು ಹುಡುಗಿ
ಆಗಿನಿಂದ ನೋಡುತ್ತಿತ್ತು.
‘ಅಜ್ಜೀ,’ ಅಂದಿತು ಪಿಸುದನಿಯಲ್ಲಿ,
‘ತಲಿ ವಾರಿ ಮಾಡು.’